ಜ್ಞಾಕಾರವೂ ಗಣಕದ ಸ್ಮೃತಿವಿಕಾರವೂ

2018ನೆಯ ಫೆಬ್ರುವರಿಯಲ್ಲಿ ಆಪಲ್ ಸಂಸ್ಥೆಯ ದೂರವಾಣಿಗಳಲ್ಲಿಯೂ ಮೇಜಿನ ಗಣಕಗಳಲ್ಲಿಯೂ ಒಂದು ವಿಚಿತ್ರವು ಕಂಡುಬಂದಿತು. ತೆಲುಗು ಲಿಪಿಯ 'ಜ್ಞಾ' ಎಂಬ ಅಕ್ಷರದೊಳಗೆ ಕಣ್ಣಿಗೆ ಕಾಣದ ವಿಭಾಜಕಚಿಹ್ನೆಯೊಂದು ಸೇರಿದ್ದರೆ, ಅದನ್ನು ತೆರೆಯ ಮೇಲೆ ಬರೆಯಲು ಹೊರಟ ತಂತ್ರಾಂಶವು ಅಲ್ಲಿಯೇ ಕುಸಿಯುತ್ತಿದ್ದಿತು. ಜ್ಞಾನಾರ್ಥಕವಾದ ಧಾತುವೇ ಯಂತ್ರಕ್ಕೆ ಮೂರ್ಛೆಯನ್ನು ತಂದಿತೆಂದು ವಿನೋದಪಡಲು ಎಡೆಯುಂಟು. ಆದರೆ ದೋಷವು ಅಕ್ಷರದ್ದಲ್ಲ. ಆ ತಿಂಗಳ 19ರಂದು ತಿದ್ದುಪಡಿಯನ್ನು ಹೊರಡಿಸಿದ ಸಂಸ್ಥೆಯೇ ಇದು ಗಣಕದ ಮೆಮರಿಯು ಕೆಡುವ ದೋಷವೆಂದು ಪ್ರಕಟಿಸಿತು. ಇದನ್ನು ಸ್ಮೃತಿವಿಕಾರವೆನ್ನಬಹುದು.

ಇಲ್ಲಿ ಸ್ಮೃತಿಯೆಂದರೆ ಸಂಸ್ಕಾರಜನ್ಯವಾದ ಜ್ಞಾನವಲ್ಲ. ಅಂಕೆ ಹಾಕಿದ ಮನೆಗಳ ಉದ್ದನೆಯ ಸಾಲು. ಮನೆಯೊಂದಕ್ಕೆ ಒಂದು ಬೈಟು. ಹೊರಗಿನಿಂದ ಬಂದ ಬರೆಹವೂ, ಲೆಕ್ಕವೂ, ಈ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬ ಸೂಚನೆಯೂ ಅದರಲ್ಲಿ ಒತ್ತೊತ್ತಾಗಿರುವುವು.

ಶಾಸನಗಳನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುವುದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಹಲವು ದಾನಶಾಸನಗಳುಂಟು. 1939ರಲ್ಲಿ ಅಚ್ಚಾದ ದಕ್ಷಿಣಭಾರತ ಶಾಸನಗಳ 9ನೆಯ ಸಂಪುಟದಲ್ಲಿ ಅವನ್ನು ನೋಡಬಹುದು. ಅಂಥ ಒಂದು ಕಲ್ಲಿನ ಮೇಲ್ಭಾಗದಲ್ಲಿ ದಾನಿಗಳ ಹೆಸರಿಗೆ ಹತ್ತು ಪಂಕ್ತಿಗಳ ಸ್ಥಳವೂ, ಅದರ ಕೆಳಗೆ ಬೇರೊಂದು ದತ್ತಿಯ ಮತ್ತರುಗಳ ಲೆಕ್ಕವೂ ಇರುವುದೆಂದು ಕಲ್ಪಿಸಿಕೊಳ್ಳಬಹುದು. ಹೆಸರುಗಳು ಹದಿಮೂರು ಪಂಕ್ತಿಗಳಷ್ಟಿದ್ದು, ರೂವಾರಿಯು ಅಳೆಯದೆ ಕೊರೆಯುತ್ತ ಹೋದರೆ, ಕಡೆಯ ಮೂರು ಪಂಕ್ತಿಗಳು ಕೆಳಗಣ ಲೆಕ್ಕದ ಮೇಲೆ ಬೀಳುವುವು. ಯಾರೂ ಮುಟ್ಟದ ಭೂಮಿಯ ಅಳತೆಯು ಬದಲಾಗುವುದು. ಮಿತಿಮೀರಿದ ಬರೆಹದಿಂದ ಉಂಟಾಗುವ ಸ್ಮೃತಿವಿಕಾರವು ಇದೇ. ಹೀಗೆ ಅಳಿಸಿಹೋದುದು 'ಮುಂದೆ ಎಲ್ಲಿಗೆ' ಎಂಬ ಸೂಚನೆಯಾದರೆ ತಂತ್ರಾಂಶವು ದಾರಿತಪ್ಪಿ ಕುಸಿಯುವುದು.

ಇಷ್ಟು ಆಕಸ್ಮಿಕ. ತನ್ನ ಹೆಸರಿನ ಎಷ್ಟನೆಯ ಅಕ್ಷರವು ಕೆಳಗಣ ಮತ್ತರಿನ ಅಂಕೆಯ ಮೇಲೆ ಬೀಳುವುದೆಂದು ಮೊದಲೇ ಎಣಿಸಿ, ಅಲ್ಲಿ ತನಗೆ ಬೇಕಾದ ಅಂಕೆಯೇ ಬರುವಂತೆ ಹೆಸರನ್ನು ರಚಿಸಿಕೊಂಡು ಬಂದವನು ಕೂಟಶಾಸನಕಾರನು. ಗಣಕದಲ್ಲಿ ಇಂಥವನು ಸೂಚನೆಯ ಸ್ಥಾನದಲ್ಲಿ ತನ್ನ ಸೂಚನೆಯನ್ನಿರಿಸಿ, ಯಂತ್ರವನ್ನು ತಾನು ಬರೆದ ಆಜ್ಞೆಗಳ ಕಡೆಗೆ ತಿರುಗಿಸುವನು. 1988ರ ನವೆಂಬರಿನಲ್ಲಿ ಅಮೆರಿಕದ ಗಣಕಜಾಲದಲ್ಲಿ ಹರಡಿದ ಮಾರಿಸ್ ಹುಳುವು ಬಳಸಿದ ಉಪಾಯಗಳಲ್ಲಿ ಇದೊಂದು: 512 ಬೈಟುಗಳ ಸ್ಥಳಕ್ಕೆ ಅದು 536 ಬೈಟುಗಳನ್ನು ಕಳುಹಿಸಿತು.

ಅಳತೆಯು ತಪ್ಪಲು ನಮ್ಮ ಲಿಪಿಗಳಲ್ಲಿ ಅವಕಾಶವು ಹೆಚ್ಚು. 'ಜ್ಞಾ' ಎಂಬುದು ಛಂದಸ್ಸಿನಲ್ಲಿ ಒಂದು ಗುರು, 2 ಮಾತ್ರೆ. ಯೂನಿಕೋಡಿನಲ್ಲಾದರೋ ಜಕಾರ, ಹಲಂತಚಿಹ್ನೆ, ಞಕಾರ, ದೀರ್ಘಚಿಹ್ನೆ ಎಂದು 4 ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3ರಂತೆ 12 ಬೈಟುಗಳು. ಮೇಲೆ ಹೇಳಿದ ಅದೃಶ್ಯಚಿಹ್ನೆಯೂ ಸೇರಿದರೆ 15. ಕಣ್ಣಿಗೆ ಕಂಡ ಒಂದೇ ಅಕ್ಷರವನ್ನು ನಂಬಿ ಸ್ಥಳವನ್ನು ಕಾದಿರಿಸುವ ತಂತ್ರಾಂಶವು ಮೋಸಹೋಗದೆ ಇರದು.

ಪರಿಹಾರಗಳುಂಟು. ಹೊಲದ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನು ನೆಡುವಂತೆ, ಬರೆಹಕ್ಕೂ ಸೂಚನೆಗೂ ನಡುವೆ ಗುಪ್ತಸಂಖ್ಯೆಯೊಂದನ್ನು ಇಡುವರು. ಅದು ಕೆಟ್ಟಿದ್ದರೆ ತಂತ್ರಾಂಶವು ಕೂಡಲೆ ನಿಲ್ಲುವುದು. ಬರೆಹದ ಮನೆಗಳಲ್ಲಿರುವುದನ್ನು ಆಜ್ಞೆಯೆಂದು ನಡಸದಿರುವುದೂ, ಮನೆಗಳ ಸ್ಥಾನವನ್ನು ಪ್ರತಿಸಾರಿಯೂ ಬದಲಿಸುವುದೂ ಬೇರೆ ಉಪಾಯಗಳು. ಇವೆಲ್ಲವೂ ತಡೆಗಳೇ ಹೊರತು, ಅಳೆದು ಬರೆಯುವುದಕ್ಕೆ ಬದಲಾಗಲಾರವು.

ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನೆಂದು ಕೇಳಬಹುದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಾಗಲಿ, ಕನ್ನಡನಾಡಿನ ಬೇರೆಡೆಯಲ್ಲಾಗಲಿ, ಹಳೆಯ ಸಂಕೇತಪದ್ಧತಿಯಲ್ಲಿ ಟಂಕಿಸಿದ ಲೇಖನವು ಪರಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುವುದರಿಂದ, ಅದರೊಡನೆ ಫಾಂಟನ್ನೂ ಕಳುಹಿಸುವ ರೂಢಿಯುಂಟು. ಫಾಂಟೆಂದರೆ ಅಚ್ಚುಮೊಳೆಗಳ ಪೆಟ್ಟಿಗೆಯೆಂಬ ಭಾವನೆಯು ಸರಿಯಲ್ಲ. ಟ್ರೂಟೈಪ್ ಫಾಂಟಿನಲ್ಲಿ ಅಕ್ಷರಾಕಾರವನ್ನು ತಿದ್ದುವ ಆಜ್ಞೆಗಳೂ ಇರುವುವು, ಅವನ್ನು ಯಂತ್ರವು ನಡಸುವುದು. 2011ರಲ್ಲಿ ಪತ್ತೆಯಾದ ಡುಕು ಎಂಬ ಗೂಢತಂತ್ರಾಂಶವು ವರ್ಡ್ ಕಡತದಲ್ಲಿ ಅಡಗಿಸಿದ್ದ ಫಾಂಟಿನ ಮೂಲಕವೇ ವಿಂಡೋಸಿನ ಗರ್ಭಗುಡಿಯನ್ನು ಹೊಕ್ಕಿತು. ಆ ದೋಷವನ್ನು ಅದೇ ಡಿಸೆಂಬರಿನಲ್ಲಿ ತಿದ್ದಿದರು. ಆದುದರಿಂದ ಫಾಂಟನ್ನು ಅದನ್ನು ರಚಿಸಿದವರಿಂದಲೇ ಪಡೆಯುವುದು ಯುಕ್ತ; ಲೇಖನವನ್ನು ಯೂನಿಕೋಡಿನಲ್ಲಿಯೇ ಬರೆದರೆ ಫಾಂಟನ್ನು ಕಳುಹಿಸುವ ಪ್ರಸಕ್ತಿಯೇ ಇರದು. ವಿಂಡೋಸ್ 7ಕ್ಕೆ ಸಾಮಾನ್ಯ ಭದ್ರತಾ ತಿದ್ದುಪಡಿಗಳು 2020ನೆಯ ಜನವರಿ 14ಕ್ಕೆ ಮುಗಿದುವು. ಅದೇ ವರ್ಷದ ಮಾರ್ಚಿಯಲ್ಲಿ, ಟೈಪ್ 1 ಎಂಬ ಹಳೆಯ ಬಗೆಯ ಫಾಂಟುಗಳನ್ನು ಓದುವ ಭಾಗದ ದೋಷದಿಂದ ಆ ವ್ಯವಸ್ಥೆಯ ಮೇಲೆ ಆಕ್ರಮಣಗಳು ನಡೆದುವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಪ್ರಕಟಿಸಿತು.