ಟೈರಿನ ಮೇಲಿನ ಅಂಕಿ ಓದಿ

ಕೈಗೆ ತಕ್ಕ ಬಳೆ ಬೇಕು. ಕಾಲಿಗೆ ತಕ್ಕ ಚಪ್ಪಲಿ ಬೇಕು. ಬಳೆ ಚಿಕ್ಕದಾದರೆ ಒಡೆದು ಕೈ ಕುಯ್ಯುತ್ತದೆ. ದೊಡ್ಡದಾದರೆ ಜಾರಿ ಬೀಳುತ್ತದೆ. ಅದಕ್ಕೇ ಬಳೆಗಾರರು ಮೊದಲು ಕೈ ನೋಡುತ್ತಾರೆ. ಆಮೇಲೆ ಬಳೆ ತೊಡಿಸುತ್ತಾರೆ.

ಕಾರಿನ ಚಕ್ರಕ್ಕೂ ಹೀಗೆಯೇ. ಚಕ್ರಕ್ಕೆ ತಕ್ಕ ಟೈರ್ ಬೇಕು. ಕಾರಿಗೆ ತಕ್ಕ ಚಕ್ರ ಬೇಕು. ಅಳತೆ ತಪ್ಪಿದರೆ ಹಣ ಹೋಗುತ್ತದೆ. ಕೆಲವು ಸಲ ಪ್ರಾಣವೇ ಹೋಗುತ್ತದೆ.

ಮೈಸೂರಿಗೂ ಟೈರಿಗೂ ಹಳೆಯ ನಂಟು. ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಯ ಹೆಸರು ಊರಿನಲ್ಲಿ ಯಾರಿಗೆ ಗೊತ್ತಿಲ್ಲ? 1997ರಲ್ಲಿ ಅದು ಜೆ.ಕೆ. ಟೈರ್ ಸಂಸ್ಥೆಯ ಕೈಗೆ ಬಂತು. ಟೈರ್ ಮಾಡುವ ಊರು ನಮ್ಮದು. ಟೈರ್ ಓದುವುದನ್ನೂ ನಾವು ಕಲಿಯಬೇಕಲ್ಲವೆ?

ರಿಮ್ ಬೇರೆ, ಟೈರ್ ಬೇರೆ

ಚಕ್ರದಲ್ಲಿ ಎರಡು ಭಾಗ. ಒಳಗಿನದು ಲೋಹದ ರಿಮ್. ಹೊರಗಿನದು ರಬ್ಬರಿನ ಟೈರ್.

ರಿಮ್‌ನಲ್ಲಿ ಎರಡು ಬಗೆ. ಒಂದು ಉಕ್ಕಿನದು. ಇನ್ನೊಂದು ಅಲಾಯ್. ಅಲಾಯ್ ಎಂದರೆ ಮಿಶ್ರ ಲೋಹ. ಅಲ್ಯೂಮಿನಿಯಂ ಜೊತೆ ಬೇರೆ ಲೋಹ ಬೆರೆಸಿ ಇದನ್ನು ಮಾಡುತ್ತಾರೆ. ನೋಡಲು ಚೆಂದ. ಹೊಳಪು ಹೆಚ್ಚು. ಆದರೆ ದೊಡ್ಡ ಗುಂಡಿಗೆ ಬಿದ್ದಾಗ ಉಕ್ಕಿನ ರಿಮ್ ಸಾಮಾನ್ಯವಾಗಿ ಸೊಟ್ಟಗಾಗುತ್ತದೆ. ಅಲಾಯ್ ಬಿರುಕು ಬಿಡಬಹುದು.

ಟೈರಿನ ಒಳ ಅಂಚನ್ನು ಕೈಯಿಂದ ಮುಟ್ಟಿ ನೋಡಿ. ಗಟ್ಟಿಯಾಗಿರುತ್ತದೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ. ಅದಕ್ಕೆ ಬೀಡ್ ಎನ್ನುತ್ತಾರೆ. ರಬ್ಬರ್ ಹಿಗ್ಗುತ್ತದೆ. ಈ ತಂತಿ ಹಿಗ್ಗುವುದಿಲ್ಲ. ಟೈರನ್ನು ರಿಮ್‌ಗೆ ಕಚ್ಚಿ ಹಿಡಿಯುವುದು ಇದೇ ಬೀಡ್.

ಎತ್ತಿನ ಗಾಡಿಯ ಚಕ್ರ ನೆನಪು ಮಾಡಿಕೊಳ್ಳಿ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಕಮ್ಮಾರರು ಮೊದಲು ಅಳತೆ ತೆಗೆಯುತ್ತಿದ್ದರು. ಪಟ್ಟಿ ಕಾಯಿಸಿ ಹಿಗ್ಗಿಸಿ ಕೂರಿಸುತ್ತಿದ್ದರು. ಆರಿದ ಮೇಲೆ ಅದು ಬಿಗಿಯುತ್ತಿತ್ತು. ಅಳತೆ ತಪ್ಪಿದರೆ ಪಟ್ಟಿ ದಾರಿಯಲ್ಲೇ ಕಳಚುತ್ತಿತ್ತು. ಕಾಲ ಬದಲಾಗಿದೆ. ಅಳತೆಯ ಮಾತು ಬದಲಾಗಿಲ್ಲ.

ಟೈರ್ ಓದುವುದು ಹೇಗೆ?

ಟೈರಿನ ಪಕ್ಕದಲ್ಲಿ ಅಂಕಿ, ಅಕ್ಷರ ಇರುತ್ತವೆ. ಅಕ್ಷರ ಇಂಗ್ಲಿಷಿನವು. ಹೆದರಬೇಡಿ. ಮುಖ್ಯವಾದದ್ದು ಅಂಕಿ. ಒಂದು ಉದಾಹರಣೆ ನೋಡೋಣ.

185/65 ಆರ್ 15 88 ಎಚ್

185 ಎಂದರೆ ಟೈರಿನ ಅಗಲ. ಮಿಲಿಮೀಟರ್ ಲೆಕ್ಕ.

65 ಎಂದರೆ ಟೈರಿನ ಗೋಡೆಯ ಎತ್ತರ. ಇದು ಮಿಲಿಮೀಟರ್ ಅಲ್ಲ. ಅಗಲದಲ್ಲಿ ನೂರಕ್ಕೆ 65 ಪಾಲು. 185ರಲ್ಲಿ ನೂರಕ್ಕೆ 65 ಎಂದರೆ ಸುಮಾರು 120 ಮಿಲಿಮೀಟರ್.

ಆರ್ ಎಂದರೆ ರೇಡಿಯಲ್. ಟೈರ್ ಒಳಗಿನ ನೂಲು ಹೆಣೆದಿರುವ ರೀತಿ ಅದು.

15 ಎಂದರೆ ರಿಮ್‌ನ ಅಡ್ಡ ಅಳತೆ. ಇದು ಅಂಗುಲದ ಲೆಕ್ಕ.

88 ಎಂದರೆ ಭಾರದ ಗುರುತು. ಇದು ಕಿಲೋ ಅಲ್ಲ. 88 ಇದ್ದರೆ ಆ ಟೈರ್ 560 ಕಿಲೋ ತಡೆಯುತ್ತದೆ. 85 ಇದ್ದರೆ 515 ಕಿಲೋ. 82 ಇದ್ದರೆ 475 ಕಿಲೋ.

ಎಚ್ ಎಂದರೆ ವೇಗದ ಗುರುತು. ಎಚ್ ಇದ್ದರೆ ಗಂಟೆಗೆ 210 ಕಿಲೋಮೀಟರ್ ತನಕ. ಟಿ ಇದ್ದರೆ 190. ಎಸ್ ಇದ್ದರೆ 180. ಅಷ್ಟು ಜೋರಾಗಿ ಓಡಿಸಿ ಎಂದು ಇದರ ಅರ್ಥವಲ್ಲ. ಟೈರಿನ ತಾಕತ್ತು ಅಷ್ಟು ಎಂದು ಅರ್ಥ.

ಟೈರ್ ಅಂಗಡಿಯ ಮುಂದೆ

ದಸರಾ ಹತ್ತಿರ ಬಂದರೆ ಮೈಸೂರಿನ ಟ್ಯಾಕ್ಸಿಯವರಿಗೆ ಬಿಡುವಿಲ್ಲ. ಬೆಟ್ಟ, ಅರಮನೆ, ಕೆ.ಆರ್.ಎಸ್., ಊಟಿ ಎಂದು ಓಡಾಟ. ಆಗ ಟೈರ್ ಅಂಗಡಿ ಮುಂದೆ ಇಂಥ ಮಾತು ಕೇಳಬಹುದು.

ಚಾಲಕ: ಅಣ್ಣ, ಸೀಸನ್ ಬಂತು. ನಾಲ್ಕು ಟೈರೂ ಬೋಳಾಗವೆ. ಒಂದ್ ಕಡೆ 175/65 ಆರ್ 14 ಕಡಿಮೆ ಬೆಲೇಗೆ ಸಿಕ್ತು. ತಂದಿದ್ದೀನಿ. ಹಾಕ್ಕೊಡಿ.

ಮೇಸ್ತ್ರಿ: ಗಾಡೀಲಿ ಈಗ ಇರೋದು ಏನು, ಓದಿದ್ರಾ?

ಚಾಲಕ: 165/80 ಆರ್ 14. ಎರಡೂ 14 ಅಲ್ವಾ? ರಿಮ್‌ಗೆ ಕೂತ್ಕೊಳ್ತದಲ್ಲ!

ಮೇಸ್ತ್ರಿ: ಕೂತ್ಕೊಳ್ತದೆ ಕಣಣ್ಣ. ಕೂತ್ಕೊಂಡಿದ್ದೆಲ್ಲ ಸರಿ ಅಂತಲ್ಲ. ಲೆಕ್ಕ ಹಾಕೋಣ ಬನ್ನಿ.

ನಾವೂ ಅವರ ಜೊತೆ ಲೆಕ್ಕ ಹಾಕೋಣ. ಒಂದು ಅಂಗುಲಕ್ಕೆ 25.4 ಮಿಲಿಮೀಟರ್. 14 ಅಂಗುಲಕ್ಕೆ ಸುಮಾರು 356 ಮಿಲಿಮೀಟರ್. ಇದು ರಿಮ್. ಅದರ ಮೇಲೊಂದು, ಕೆಳಗೊಂದು ಟೈರ್ ಗೋಡೆ. ಮೂರನ್ನೂ ಕೂಡಿಸಿದರೆ ಚಕ್ರದ ಪೂರ್ತಿ ಎತ್ತರ ಸಿಗುತ್ತದೆ.

ಹಳೆಯ ಟೈರ್: ಗೋಡೆ 132 ಮಿಲಿಮೀಟರ್. ಪೂರ್ತಿ ಎತ್ತರ ಸುಮಾರು 620.

ಹೊಸ ಟೈರ್: ಗೋಡೆ ಸುಮಾರು 114 ಮಿಲಿಮೀಟರ್. ಪೂರ್ತಿ ಎತ್ತರ ಸುಮಾರು 583.

ಚಕ್ರ 37 ಮಿಲಿಮೀಟರ್ ಗಿಡ್ಡವಾಯಿತು. ಇದರಿಂದ ಏನಾಗುತ್ತದೆ?

ಒಂದು: ಕಾರು ನೆಲಕ್ಕೆ ಸುಮಾರು 18 ಮಿಲಿಮೀಟರ್ ಹತ್ತಿರವಾಗುತ್ತದೆ. ಹಂಪ್ ಬಂದಾಗ ಹೊಟ್ಟೆ ತಗಲುತ್ತದೆ.

ಎರಡು: ಮೀಟರ್ ತಪ್ಪು ಹೇಳುತ್ತದೆ. ಕಾರಿನ ಮೀಟರಿಗೆ ದಾರಿ ಕಾಣುವುದಿಲ್ಲ. ಅದು ಚಕ್ರದ ಸುತ್ತುಗಳನ್ನು ನಂಬಿ ಲೆಕ್ಕ ಹಾಕುತ್ತದೆ. ಹಳೆಯ ಟೈರ್ ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು ತಿರುಗುತ್ತದೆ. ಗಿಡ್ಡ ಟೈರ್ 546 ಸುತ್ತು ತಿರುಗುತ್ತದೆ. ಸುತ್ತು ಹೆಚ್ಚಾದರೆ ಮೀಟರ್ ಹೆಚ್ಚು ತೋರಿಸುತ್ತದೆ. 145 ಕಿಲೋಮೀಟರ್ ಓಡಿದರೆ ಮೀಟರ್ 154 ಎನ್ನುತ್ತದೆ.

ಚಾಲಕ: ಹಂಗಾದ್ರೆ ಬಾಡಿಗೇಲಿ ನಮಗೇ ಲಾಭ!

ಮೇಸ್ತ್ರಿ: ಲಾಭ ಎಲ್ಲಿಂದ ಬಂತು? ಗಿರಾಕಿ ಕೈಲಿ ಫೋನ್ ಇರ್ತದೆ. ಎಷ್ಟು ದೂರ ಅಂತ ಅದು ಹೇಳ್ತದೆ. ಒಂದ್ ಸಲ ಜಗಳ ಆದ್ರೆ ಆ ಗಿರಾಕಿ ಮತ್ತೆ ನಿಮ್ಮನ್ನ ಕರೀತಾನಾ?

ಮೂರು: ಭಾರ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಇದೇ ಎಲ್ಲಕ್ಕಿಂತ ಮುಖ್ಯ. ಹಳೆಯ ಟೈರಿನ ಮೇಲೆ 85 ಎಂದಿತ್ತು. ಹೊಸದರ ಮೇಲೆ 82 ಎಂದಿದೆ. ಒಂದು ಟೈರಿಗೆ 40 ಕಿಲೋ ಕಡಿಮೆ. ನಾಲ್ಕು ಟೈರಿಗೆ 160 ಕಿಲೋ ಕಡಿಮೆ. ಅಂದರೆ ಇಬ್ಬರು ದೊಡ್ಡವರು, ಮೇಲೆ ಅವರ ಚೀಲ. ಕಾರಿನ ತುಂಬ ಜನ, ಮೇಲ್ಗಡೆ ಲಗೇಜು, ಮುಂದೆ ಊಟಿಯ ಘಟ್ಟ. ಹೆಚ್ಚು ಭಾರ ಹೊತ್ತ ಟೈರ್ ಬೇಗ ಕಾಯುತ್ತದೆ. ಕಾದ ಟೈರ್ ಸಿಡಿಯಬಹುದು.

ದೊಡ್ಡ ಟೈರ್ ಹಾಕಿದರೆ ಒಳ್ಳೆಯದಲ್ಲವೆ?

ಕೆಲವರು ಹೀಗೂ ಕೇಳುತ್ತಾರೆ. ಅಗಲ ಟೈರ್ ಹಾಕಿದರೆ ಕಾರು ಗಟ್ಟಿಯಾಗಿ ಕಾಣುತ್ತದೆ ಎನ್ನುತ್ತಾರೆ. 185/65 ಆರ್ 15 ಇರುವ ಅಲಾಯ್ ಚಕ್ರಕ್ಕೆ 205/65 ಆರ್ 15 ಹಾಕಿಸುತ್ತಾರೆ. ಆಗ ಚಕ್ರ 26 ಮಿಲಿಮೀಟರ್ ಎತ್ತರವಾಗುತ್ತದೆ. ಅಗಲವೂ ಹೆಚ್ಚುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೆ ಉಜ್ಜಬಹುದು. ಖಾಲಿ ಕಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಜನ ತುಂಬಿದ ಮೇಲೆ, ಗುಂಡಿಗೆ ಇಳಿದಾಗ ಗೊತ್ತಾಗುತ್ತದೆ. ಉಜ್ಜಿ ಉಜ್ಜಿ ಟೈರ್ ಹರಿಯುತ್ತದೆ.

ಈಗ ಮೀಟರ್ ಕಡಿಮೆ ತೋರಿಸುತ್ತದೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕಾರಿನ ವೇಗಕ್ಕೆ ಗಂಟೆಗೆ 100 ಕಿಲೋಮೀಟರ್ ಮಿತಿ ಇದೆ. ಕ್ಯಾಮೆರಾಗಳೂ ಇವೆ. ಮೊದಲು ಮೀಟರ್ 100 ತೋರಿಸುತ್ತಿದ್ದ ವೇಗಕ್ಕಿಂತ ಈಗ ಕಾರು ನೂರಕ್ಕೆ 4 ಪಾಲು ಹೆಚ್ಚು ಓಡುತ್ತಿರುತ್ತದೆ. ಮೀಟರ್ ಮಾತ್ರ 100 ಎಂದೇ ಹೇಳುತ್ತದೆ. ದಂಡ ಬಂದರೆ ಮೀಟರನ್ನು ದೂರಿ ಫಲವಿಲ್ಲ.

ರಿಮ್‌ನ ಅಗಲಕ್ಕೂ ಲೆಕ್ಕ ಉಂಟು. 185/65 ಆರ್ 15 ಟೈರಿಗೆ ರಿಮ್ ಅಗಲ 5ರಿಂದ 6.5 ಅಂಗುಲ ಇರಬೇಕು. 205/65 ಆರ್ 15 ಟೈರಿಗೆ 5.5ರಿಂದ 7.5 ಅಂಗುಲ ಇರಬೇಕು. ಕಿರಿದಾದ ರಿಮ್‌ಗೆ ಅಗಲ ಟೈರ್ ಹಾಕಿದರೆ ಅದು ನಡುವೆ ಉಬ್ಬುತ್ತದೆ. ತಿರುವಿನಲ್ಲಿ ತೂಗಾಡುತ್ತದೆ. ಅಗಲ ರಿಮ್‌ಗೆ ಕಿರಿದಾದ ಟೈರ್ ಹಾಕಿದರೆ ಗೋಡೆ ಎಳೆದಂತಾಗುತ್ತದೆ. ಗುಂಡಿಗೆ ಬಿದ್ದರೆ ಪೆಟ್ಟು ನೇರ ಅಲಾಯ್‌ಗೆ ಬೀಳುತ್ತದೆ.

ಪ್ರಾಣ ತೆಗೆಯುವ ತಪ್ಪು

ಅಗಲ, ಎತ್ತರದ ತಪ್ಪು ನಿಧಾನವಾಗಿ ಕಾಡುತ್ತದೆ. ರಿಮ್ ಅಂಗುಲದ ತಪ್ಪು ಆ ಕ್ಷಣವೇ ಹೊಡೆಯುತ್ತದೆ.

14 ಅಂಗುಲದ ಟೈರ್ 14 ಅಂಗುಲದ ರಿಮ್‌ಗೆ ಮಾತ್ರ. ಅರ್ಧ ಅಂಗುಲ ವ್ಯತ್ಯಾಸವೂ ಸಲ್ಲದು. ಅಮೆರಿಕದಲ್ಲಿ 16 ಅಂಗುಲದ ರಿಮ್ ಇತ್ತು. 16.5 ಅಂಗುಲದ ರಿಮ್ ಕೂಡ ಇತ್ತು. ನೋಡಲು ಎರಡೂ ಒಂದೇ ಥರ. ಕೆಲಸಗಾರರು 16ರ ಟೈರನ್ನು 16.5ರ ರಿಮ್‌ಗೆ ಹಾಕಿ ಗಾಳಿ ತುಂಬಿದರು. ಬೀಡ್ ಕೂರಲಿಲ್ಲ. ಇನ್ನಷ್ಟು ಗಾಳಿ ತುಂಬಿದರು. ಉಕ್ಕಿನ ತಂತಿ ಪಟ್ಟನೆ ಕಿತ್ತಿತು. ಟೈರ್ ಬಾಂಬಿನಂತೆ ಹಾರಿತು. ಹೀಗೆ ಕೈಕಾಲು ಕಳೆದುಕೊಂಡವರಿದ್ದಾರೆ. ಸತ್ತವರೂ ಇದ್ದಾರೆ.

ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮಂದಿರೇ, ಇದನ್ನು ಎರಡು ಸಲ ಓದಿ. ಗಾಳಿ ತುಂಬುವ ಮೊದಲು ಟೈರಿನ ಅಂಗುಲ ನೋಡಿ. ರಿಮ್‌ನ ಅಂಗುಲ ನೋಡಿ. ಎರಡೂ ಒಂದೇ ಆಗಿರಬೇಕು. ಕಾರಿನ ಟೈರಿನ ಬೀಡ್ ಕೂರಿಸಲು 40 ಪಿ.ಎಸ್.ಐ. ಮೀರಿ ಗಾಳಿ ತುಂಬಬಾರದು. ಅಷ್ಟಕ್ಕೂ ಕೂರದಿದ್ದರೆ ಗಾಳಿ ಬಿಡಿ. ಟೈರ್ ಬಿಚ್ಚಿ ನೋಡಿ. ತುಂಬುವಾಗ ಟೈರಿನ ಮೇಲೆ ಬಗ್ಗಬೇಡಿ. ಪೈಪ್ ಹಿಡಿದು ದೂರ ನಿಲ್ಲಿ. ಮಾಲೀಕರು ಅವಸರ ಮಾಡಿದರೂ ನಿಮ್ಮ ಪ್ರಾಣ ನಿಮ್ಮದು.

ಹಾಗಾದರೆ ಅಲಾಯ್ ಹಾಕಿಸಬಾರದೆ?

ಹಾಕಿಸಬಹುದು. ಅಳತೆ ತಿಳಿದು ಹಾಕಿಸಬೇಕು. ಮಾರುತಿ ಡಿಜೈರ್ ಕಾರು ನೋಡಿ. ಕಡಿಮೆ ಬೆಲೆಯ ಮಾದರಿಗೆ 165/80 ಆರ್ 14 ಟೈರ್, ಉಕ್ಕಿನ ರಿಮ್. ಹೆಚ್ಚು ಬೆಲೆಯ ಮಾದರಿಗೆ 185/65 ಆರ್ 15 ಟೈರ್, ಅಲಾಯ್ ರಿಮ್. ಮೊದಲನೆಯದರ ಎತ್ತರ 620 ಮಿಲಿಮೀಟರ್. ಎರಡನೆಯದರ ಎತ್ತರ 622. ವ್ಯತ್ಯಾಸ ಬರೀ 2 ಮಿಲಿಮೀಟರ್!

ಗುಟ್ಟು ಏನು ಗೊತ್ತೆ? ರಿಮ್ ದೊಡ್ಡದಾದಾಗ ಟೈರಿನ ಗೋಡೆಯನ್ನು ಗಿಡ್ಡ ಮಾಡಿದ್ದಾರೆ. ಹೀಗೆ ಪೂರ್ತಿ ಎತ್ತರ ಉಳಿದಿದೆ. ಭಾರದ ಗುರುತೂ ಕಡಿಮೆಯಾಗಿಲ್ಲ. ಇದೇ ಸರಿಯಾದ ದಾರಿ.

ಅಲಾಯ್ ಕೊಳ್ಳುವಾಗ ಇನ್ನೂ ಮೂರು ವಿಷಯ ಕೇಳಿ. ನಟ್ಟಿನ ತೂತು ಎಷ್ಟು? ಅವು ಇರುವ ವೃತ್ತದ ಅಳತೆ ನಮ್ಮ ಕಾರಿಗೆ ಹೊಂದುತ್ತದೆಯೆ? ನಡುವಿನ ತೂತು ಸರಿಯಾಗಿ ಕೂರುತ್ತದೆಯೆ? ನಟ್ಟು ಕೂಡ ಆ ಅಲಾಯ್‌ಗೆ ತಕ್ಕದ್ದೇ ಇರಬೇಕು. ನೂರು ಕಿಲೋಮೀಟರ್ ಓಡಿಸುವ ಒಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ.

ಒಂದೇ ಆಕ್ಸಲ್‌ನ ಎರಡು ಚಕ್ರಕ್ಕೆ ಬೇರೆ ಬೇರೆ ಅಳತೆಯ ಟೈರ್ ಬೇಡ. ಕಾರು ಒಂದು ಕಡೆಗೆ ಎಳೆಯುತ್ತದೆ. ಈಗಿನ ಕಾರುಗಳಲ್ಲಿ ಎ.ಬಿ.ಎಸ್. ಬ್ರೇಕ್ ಇದೆ. ಅದು ನಾಲ್ಕು ಚಕ್ರಗಳ ಸುತ್ತನ್ನು ಹೋಲಿಸಿ ಕೆಲಸ ಮಾಡುತ್ತದೆ. ಅಳತೆ ಬೇರೆಯಾದರೆ ಅದಕ್ಕೂ ಗೊಂದಲ.

ಅಲಾಯ್ ಇರುವ ಕೆಲವು ಕಾರುಗಳ ಸ್ಟೆಪ್ನಿ ಸಣ್ಣದಾಗಿರುತ್ತದೆ. ಅದರ ಮೇಲೆ 80 ಎಂದು ಬರೆದಿದ್ದರೆ ಗಂಟೆಗೆ 80 ಕಿಲೋಮೀಟರ್ ದಾಟಬೇಡಿ. ಪಂಕ್ಚರ್ ಹಾಕಿಸಿದ ಕೂಡಲೇ ಮೊದಲಿನ ಚಕ್ರ ಹಾಕಿಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಆರ್.ಸಿ.ಯಲ್ಲಿ ಬರೆದದ್ದಕ್ಕೂ ವಾಹನಕ್ಕೂ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೀಗೆ ಹೇಳುತ್ತದೆ. ಬಾಡಿಗೆ ವಾಹನದ ನೋಂದಣಿಯಲ್ಲಿ ಟೈರಿನ ಅಳತೆಗೂ ಜಾಗ ಉಂಟು. ಅಳತೆ ಬದಲಿಸಿ ಅಪಘಾತವಾದರೆ ವಿಮೆಯವರು ತಕರಾರು ಮಾಡಬಹುದು. ಕೊಳ್ಳುವ ಟೈರಿನ ಮೇಲೆ ಐ.ಎಸ್.ಐ. ಗುರುತು ಇದೆಯೇ ನೋಡಿ.

ನೆನಪಿಡಿ

1. ಚಾಲಕರ ಬಾಗಿಲ ಬಳಿ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿನ ಅಳತೆ, ಗಾಳಿಯ ಲೆಕ್ಕ ಅದರಲ್ಲಿದೆ. ಕಾರಿನ ಪುಸ್ತಕದಲ್ಲೂ ಇದೆ.

2. ಆ ಅಳತೆಯನ್ನು ಒಂದು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಅಂಗಡಿಯಲ್ಲಿ ಅದನ್ನೇ ತೋರಿಸಿ.

3. ಭಾರದ ಗುರುತು ಚೀಟಿಯಲ್ಲಿ ಇರುವುದಕ್ಕಿಂತ ಕಡಿಮೆ ಇರಬಾರದು.

4. ಟೈರ್ ಹಾಕಿದ ಮೇಲೆ ನಾಲ್ಕೂ ಟೈರನ್ನು ನೀವೇ ಓದಿ. ಆಮೇಲೆ ದುಡ್ಡು ಕೊಡಿ.

5. ಟೈರ್ ತಯಾರಾದ ದಿನ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ನೇ ಇಸವಿಯ 23ನೇ ವಾರ.

ಓದಿ, ಉತ್ತರ ಹೇಳಿ

1. 195/65 ಆರ್ 15 ಟೈರಿನ ಅಗಲ ಎಷ್ಟು? ಎಷ್ಟು ಅಂಗುಲದ ರಿಮ್ ಬೇಕು?

2. ಟೈರ್ ಗಿಡ್ಡವಾದರೆ ಮೀಟರ್ ಹೆಚ್ಚು ತೋರಿಸುತ್ತದೆಯೋ, ಕಡಿಮೆ ತೋರಿಸುತ್ತದೆಯೋ? ಏಕೆ?

3. ಬೀಡ್ ಕೂರದಿದ್ದರೆ ಏನು ಮಾಡಬೇಕು?

4. 1525 ಎಂದು ಬರೆದ ಟೈರ್ ಯಾವಾಗ ತಯಾರಾಯಿತು?

5. ನಿಮ್ಮ ಬೀದಿಯಲ್ಲಿ ನಿಂತಿರುವ ಒಂದು ಕಾರಿನ ಬಳಿ ಹೋಗಿ. ಟೈರಿನ ಅಂಕಿಗಳನ್ನು ಬರೆದುಕೊಳ್ಳಿ. ಮನೆಯವರಿಗೆ ಓದಿ ಹೇಳಿ.