ಸೈಕಲ್ ಶಾಪಿನ ಕರಿ ಡಬ್ಬ

ಬಸ್ ಸ್ಟ್ಯಾಂಡಿನಿಂದ ಹೊರಗೆ ಬಂದರೆ ಒಂದಲ್ಲ ಒಂದು ಸೈಕಲ್ ಶಾಪು ಕಣ್ಣಿಗೆ ಬೀಳುತ್ತದೆ. ಬಾಗಿಲ ಬಳಿ ಪಂಕ್ಚರ್ ನೋಡುವ ನೀರಿನ ಬೋಗುಣಿ, ಪಕ್ಕದಲ್ಲಿ ಗಾಳಿ ಪಂಪು, ಗೋಡೆಗೆ ನೇತುಹಾಕಿದ ಹಳೇ ಟೈರುಗಳು. ಮೂಲೆಯಲ್ಲೊಂದು ತಗಡಿನ ಡಬ್ಬ, ಅದರ ತುಂಬ ಕರಿ ದ್ರವ. ಚೈನು, ಫ್ರೀವೀಲು, ಬಾಲ್ಸು ಎಲ್ಲಕ್ಕೂ ಅದರಲ್ಲೇ ಸ್ನಾನ. ಅದು ಸೀಮೆಎಣ್ಣೆ ಇರಬಹುದು, ಪೆಟ್ರೋಲ್ ಇರಬಹುದು, ಎರಡೂ ಬೆರೆತದ್ದೂ ಇರಬಹುದು. ತೊಳೆದಾದ ಮೇಲೆ ಚೈನಿಗೆ ಬೀಳುವುದು ಸ್ಕೂಟರ್ ಗ್ಯಾರೇಜಿನಿಂದ ಪುಕ್ಕಟೆ ಬಂದ ಹಳೇ ಇಂಜಿನ್ ಆಯಿಲ್. ಸಂಜೆ ಕೈ ತೊಳೆಯುವುದಕ್ಕೂ ಅದೇ ಡಬ್ಬ!

‘ಇಷ್ಟು ವರ್ಷದಿಂದ ಹಿಂಗೇ ಮಾಡ್ತಾ ಇದೀವಿ, ಏನಾಗಿದೆ ಸ್ವಾಮಿ?’ ಎನ್ನುವುದು ಕಸುಬುದಾರರ ಮಾಮೂಲಿ ಮಾತು. ಏನಾಗಿದೆ ಎಂದು ತಿಳಿಯಲು ಅವರ ಅಂಗೈ ನೋಡಿದರೆ ಸಾಕು. ಬಿರುಕು, ಒಣಕಲು, ತುರಿಕೆ. ಸೀಮೆಎಣ್ಣೆ, ಪೆಟ್ರೋಲ್ ಎರಡೂ ಚರ್ಮದ ಸಹಜ ಜಿಡ್ಡನ್ನು ಎಳೆದುಹಾಕುತ್ತವೆ.

ಪೆಟ್ರೋಲಿನದು ಇನ್ನೂ ದೊಡ್ಡ ಕಥೆ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದ ಬಿ.ಎಸ್. 6 ಪೆಟ್ರೋಲಿನಲ್ಲೂ ಶೇಕಡಾ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2025ರಲ್ಲಿ ಪೆಟ್ರೋಲನ್ನೇ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಸಾಲದ್ದಕ್ಕೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ತೆವಳಿಕೊಂಡು ಹೋಗಿ ಪಕ್ಕದ ಟೀ ಅಂಗಡಿಯ ಸ್ಟೋವ್ ತಲುಪಿದರೆ ಒಂದು ಅಂಗಡಿಯಲ್ಲ, ಸಾಲಿಗೆ ಸಾಲೇ ಹೋದೀತು.

ಹಳೇ ಇಂಜಿನ್ ಆಯಿಲ್ ಪುಕ್ಕಟೆ ಎಂಬುದೂ ಬರೀ ಭ್ರಮೆ. ಇಂಜಿನ್ನಿನಲ್ಲಿ ಸುಟ್ಟ ಮಸಿ, ಸವೆದ ಲೋಹದ ಪುಡಿ ಎಲ್ಲ ಅದರಲ್ಲಿರುತ್ತದೆ. ಚೈನಿಗೆ ಅದು ಎಮರಿ ಪೇಪರಿನ ಕೆಲಸ ಮಾಡುತ್ತದೆ, ಚರ್ಮಕ್ಕೆ ವಿಷ. ಇಂಗ್ಲೆಂಡಿನ ಲ್ಯಾಂಕಷೈರ್ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಎಣ್ಣೆ ಕೆಲಸಗಾರರ ಪ್ಯಾಂಟಿಗೆ ಸಿಡಿದು ನೆನೆದು, ವರ್ಷಾನುಗಟ್ಟಲೆ ಮೈಗೆ ತಗುಲಿ, ತೊಡೆಸಂದಿನಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಮ್ಯಾಂಚೆಸ್ಟರಿನ ವೈದ್ಯರು 1922ರಲ್ಲೇ ಬರೆದರು. ಕಾನೂನು ಬಂದದ್ದು 1953ರಲ್ಲಿ! ಎಣ್ಣೆ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು.

ಹಾಗಂತ ಹೊಸ ಸ್ಪ್ರೇ ಡಬ್ಬಿ ತಂದರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. 1999-2000ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜ್ ಮೆಕ್ಯಾನಿಕ್ಕುಗಳ ಕೈಕಾಲು ಜೋಮು ಹಿಡಿಯತೊಡಗಿತು. ಬ್ರೇಕ್ ತೊಳೆಯುವ ಸ್ಪ್ರೇಯಲ್ಲಿದ್ದ ಹೆಕ್ಸೇನ್ ನರಗಳಿಗೆ ಪೆಟ್ಟು ಕೊಟ್ಟಿತ್ತು. ಡಬ್ಬಿ ಹೊಳೆದರೆ ಸಾಲದು, ಒಳಗೆ ಏನಿದೆ ಎಂದು ಓದಬೇಕು.

ಹಾಗಾದರೆ ಮಾಡುವುದೇನು? ಹೆಚ್ಚು ಖರ್ಚಿಲ್ಲದ ದಾರಿಗಳಿವೆ.

ಮೊದಲು ಒಣ ಬ್ರಷ್ಷು, ಹಳೇ ಬಟ್ಟೆಯಿಂದ ಕೆರೆದು ಒರೆಸಬೇಕು. ಮುಕ್ಕಾಲು ಕೊಳೆ ಅಲ್ಲಿಗೇ ಹೋಗುತ್ತದೆ. ಕಬ್ಬಿಣದ ಚೈನಾದರೆ ಬಿಸಿ ನೀರಿಗೆ ಸೋಪಿನ ಪುಡಿಯೋ ವಾಷಿಂಗ್ ಸೋಡಾವೋ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಕೂಡಲೇ ಎಣ್ಣೆ ಬಿಡಬೇಕು. ತಡಮಾಡಿದರೆ ತುಕ್ಕು. ಅಲ್ಯುಮಿನಿಯಂ ಭಾಗಗಳಿಗೆ ಸೋಡಾ ಬೇಡ, ಅದು ತಿಂದುಹಾಕುತ್ತದೆ.

ಬಾಲ್ಸು, ಹಬ್ಬಿಗೆ ನೀರು ಆಗದು. ಅಲ್ಲಿ ಸೀಮೆಎಣ್ಣೆಯೇ ಇರಲಿ, ಆದರೆ ಮುಚ್ಚಳವಿರುವ ಡಬ್ಬದಲ್ಲಿ ಸ್ವಲ್ಪವೇ, ಬರಿಗೈಯಲ್ಲಲ್ಲ, ಬ್ರಷ್ಷಿನಲ್ಲಿ. ರಾತ್ರಿ ಹಾಗೇ ಬಿಟ್ಟರೆ ಕೊಳೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಬಗ್ಗಿಸಿಕೊಂಡರೆ ಮಾರನೇ ದಿನಕ್ಕೂ ಆಯಿತು. ಪೆಟ್ರೋಲ್ ಮಾತ್ರ ಬೇಡವೇ ಬೇಡ.

ಎಣ್ಣೆಯ ವಿಷಯಕ್ಕೆ ಬಂದರೆ, ಸಾಮಾನ್ಯ ಸೈಕಲ್ ಚೈನಿನಲ್ಲಿ ನೂರಹತ್ತರ ಆಸುಪಾಸು ಕೊಂಡಿ. ಕೊಂಡಿಗೊಂದು ತೊಟ್ಟು ಬಿಟ್ಟು ಹೊರಗಿನದನ್ನು ಒರೆಸಿದರೆ ಆರು ಮಿಲಿ ಸಾಕು. ಲೆಕ್ಕ ಹಾಕಿ: 100 ಮಿಲಿ ಹೊಸ ಎಣ್ಣೆಯಲ್ಲಿ ಹದಿನೈದು ಚೈನು! ಸುರಿಯುವ ಚಾಳಿ ಬಿಟ್ಟರೆ ಹೊಸ ಎಣ್ಣೆ ದುಬಾರಿಯಲ್ಲ.

ನಮ್ಮ ಹಿರಿಯರು ಎತ್ತಿನ ಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆ ಹರಳೆಣ್ಣೆಯದು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಆದರೆ ಅಡಿಗೆಮನೆಯ ಎಣ್ಣೆ ತಂದು ಚೈನಿಗೆ ಹಾಕಿದರೆ ದಿನ ಕಳೆದಂತೆ ಗೋಂದಿನಂತೆ ಅಂಟಿ ದೂಳು ಹಿಡಿಯುತ್ತದೆ, ಅದು ಬೇಡ. ಹೊಂಗೆಯ ಬಯೋಡೀಸೆಲ್ ಸಿಕ್ಕರೆ ಸೀಮೆಎಣ್ಣೆಯ ಬದಲು ಜಿಡ್ಡು ತೊಳೆಯಲು ಬಳಸಬಹುದು. ಅದು ಬೇಗ ಆವಿಯಾಗದು, ಸುಲಭಕ್ಕೆ ಹೊತ್ತಿಕೊಳ್ಳದು. ಟೈರು, ಟ್ಯೂಬಿಗೆ ಮಾತ್ರ ತಗುಲಿಸಬಾರದು.

ಕೈಗೆ ಅಂಟಿದ ಕಪ್ಪಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು. ಕಪ್ಪೂ ಬಿಡುತ್ತದೆ, ಚರ್ಮವೂ ಒಡೆಯದು.

ಡಬ್ಬದ ಕೊಚ್ಚೆಯನ್ನು ಚರಂಡಿಗೆ ಚೆಲ್ಲುವುದು ಇನ್ನೊಂದು ಪಿಡುಗು. ಚರಂಡಿ ಹೋಗಿ ಸೇರುವುದು ಊರ ಕೆರೆಯನ್ನೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದನ್ನು ಕ್ಯಾನಿನಲ್ಲಿ ಕೂಡಿಟ್ಟು, ಹಳೇ ಆಯಿಲ್ ಒಯ್ಯುವವರು ಗ್ಯಾರೇಜಿಗೆ ಬಂದಾಗ ಕೊಡುವುದು ಕ್ಷೇಮ.

ಗಿರಾಕಿಗಳ ಪಾಲೂ ಇದೆ. ‘ಬೇಗ ಮಾಡಯ್ಯಾ, ಬಸ್ಸು ಹೋಗುತ್ತೆ’ ಎಂದು ಅವಸರ ಮಾಡಿದರೆ ರಿಪೇರಿಯವನು ಪೆಟ್ರೋಲಿಗೇ ಕೈ ಹಾಕುತ್ತಾನೆ. ಬೆಳಿಗ್ಗೆ ಸೈಕಲ್ ಬಿಟ್ಟು ಸಂಜೆ ಒಯ್ಯಲಿ. ಹೊಸ ಎಣ್ಣೆಗೆಂದು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಬೇಡ. ಅಂಗಡಿ ಮುಚ್ಚಿ ಮನೆಗೆ ಹೋದ ಮೇಲೆ ಅವನು ಅನ್ನ ಕಲಸುವುದೂ ಅದೇ ಕೈಯಲ್ಲಿ.