ಬಲ್ಮಠದಿಂದ ಬಾವುಟಗುಡ್ಡೆಗೆ: ಕಾಗದ ಕೊಡುವ ಬಣ್ಣ

ಮಂಗಳೂರಿನ ಮುದ್ರಣದ ಕಥೆ ಹೇಳುವವರು ಬಲ್ಮಠದ ಗುಡ್ಡದಿಂದಲೇ ಹೊರಡಬೇಕು. ಬಾಸೆಲ್ ಮಿಷನ್ 1841ರಲ್ಲಿ ಈ ಊರಲ್ಲಿ ಅಚ್ಚುಕೂಟ ತೆರೆಯಿತು. ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡು ಮಸಿಯಲ್ಲಿ ಬರೆದು, ಕಲ್ಲಿಗೆ ನೀರು ಸವರಿ, ಮಸಿಯ ರೋಲರ್ ಉರುಳಿಸಿದರೆ ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಉಳಿದ ಕಡೆ ನೀರು ಅದನ್ನು ಹತ್ತಿರ ಸೇರಿಸುವುದಿಲ್ಲ. ಈಗಿನ ಆಫ್‌ಸೆಟ್ ಯಂತ್ರದಲ್ಲಿ ಕಲ್ಲಿನ ಜಾಗಕ್ಕೆ ತೆಳುವಾದ ಅಲ್ಯೂಮಿನಿಯಂ ಪ್ಲೇಟು ಬಂದಿದೆ, ನಡುವೆ ಒಂದು ರಬ್ಬರ್ ಬ್ಲಾಂಕೆಟ್ ಸೇರಿದೆ. ಜಿಡ್ಡು ಮತ್ತು ನೀರಿನ ಆ ಹಳೆಯ ಜಗಳ ಹಾಗೆಯೇ ಇದೆ.

ಆಟಿಯ ಮಳೆ ಸುರಿಯುತ್ತಿತ್ತು. ಗುಡ್ಡ ಇಳಿದು ಹಂಪನಕಟ್ಟೆ ಕಡೆಯ ಓಣಿಯೊಂದರ ಪ್ರೆಸ್ಸಿಗೆ ಹೋದಾಗ ಗಣೇಶೋತ್ಸವ ಸಮಿತಿಯ ಇಬ್ಬರು ಆಮಂತ್ರಣದ ಪ್ರೂಫ್ ಹಿಡಿದು ಕೌಂಟರಿನಲ್ಲಿ ನಿಂತಿದ್ದರು.

“ಮೊಬೈಲಲ್ಲಿ ಈ ನೀಲಿ ಎಷ್ಟು ಲಾಯ್ಕ್ ಉಂಟು ನೋಡಿ. ಇದು ಎಂತ ಮಾರಾಯ್ರೆ, ನೇರಳೆ ಆದ ಹಾಗೆ?”

ಮಾಲೀಕರು ವಾದಕ್ಕೆ ಇಳಿಯಲಿಲ್ಲ. “ಆ ನೀಲಿ ನನ್ನ ಇಂಕಿನ ಡಬ್ಬಿಯಲ್ಲಿ ಇಲ್ಲ ಅಣ್ಣ. ಯಾವ ಪ್ರೆಸ್ಸಿಗೆ ಹೋದರೂ ಇಲ್ಲ” ಎಂದು ಹೇಳಿ, ಗೋಡೆಗೆ ತೂಗುಹಾಕಿದ್ದ ಬಣ್ಣದ ಚಾರ್ಟನ್ನು ಇಳಿಸಿ ಅವರ ಮುಂದಿಟ್ಟರು.

ಅವರು ಹೇಳಿದ್ದು ಅಕ್ಷರಶಃ ನಿಜ. ಮೆಷಿನ್‌ಮ್ಯಾನ್ ತಮ್ಮ ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಮೊದಲು ಅದನ್ನು ಮೊಬೈಲಿನ ಮೇಲಿಟ್ಟೆ. ಬಿಳಿ ಎಂದು ಕಾಣುತ್ತಿದ್ದ ಜಾಗದಲ್ಲಿ ಬಿಳಿ ಇರಲೇ ಇಲ್ಲ. ಕೆಂಪು, ಹಸಿರು, ನೀಲಿಯ ಪುಟ್ಟ ದೀಪಗಳು ಒತ್ತೊತ್ತಾಗಿ ಉರಿಯುತ್ತಿದ್ದವು. ಒಂದೊಂದು ದೀಪಕ್ಕೂ 256 ಮಟ್ಟದ ಹೊಳಪು ಎಂದು ಲೆಕ್ಕ ಹಾಕಿದರೆ ಒಟ್ಟು ಸುಮಾರು 1 ಕೋಟಿ 67 ಲಕ್ಷ ಬಣ್ಣಗಳಾಗುತ್ತವೆ. ಮೂರೂ ಆರಿದರೆ ಕಪ್ಪು, ಮೂರೂ ಪೂರ್ತಿ ಉರಿದರೆ ಬಿಳಿ. ಅಲ್ಲಿ ಬೆಳಕನ್ನು ಕೂಡಿಸುತ್ತಾ ಹೋಗುವುದೇ ಬಣ್ಣ.

ಅದೇ ಗಾಜನ್ನು ಪ್ರೂಫ್ ಮೇಲೆ ಇಟ್ಟಾಗ ಕಂಡ ಲೋಕವೇ ಬೇರೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಹೂವಿನ ಎಸಳಿನಂತೆ ಸುತ್ತಿಕೊಂಡು ಕೂತಿದ್ದವು. ನಾಲ್ಕು ಬಣ್ಣದ ಸಾಲುಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಕೂರಿಸುತ್ತಾರೆ. ಸಾಮಾನ್ಯವಾಗಿ ಸಯಾನ್ 15 ಡಿಗ್ರಿ, ಕಪ್ಪು 45, ಮೆಜೆಂಟಾ 75, ಹಳದಿ 0. ಆ ಚುಕ್ಕಿಗಳಿಗೆ ಸ್ವಂತ ಬೆಳಕಿಲ್ಲ. ಕಿಟಕಿಯಿಂದಲೋ ಟ್ಯೂಬ್‌ಲೈಟಿನಿಂದಲೋ ಬಂದ ಬೆಳಕು ಶಾಯಿಯನ್ನು ದಾಟಿ ಕಾಗದಕ್ಕೆ ತಾಗಿ ಹಿಂದೆ ಬರುವಾಗ ಒಂದಿಷ್ಟು ಪಾಲನ್ನು ಶಾಯಿ ಉಳಿಸಿಕೊಳ್ಳುತ್ತದೆ. ಸಯಾನ್ ಕೆಂಪನ್ನು ನುಂಗುತ್ತದೆ, ಮೆಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಉಳಿದು ಬಂದದ್ದೇ ನಮಗೆ ಕಾಣುವ ಬಣ್ಣ. ಶಾಯಿ ಹೆಚ್ಚಿದಷ್ಟೂ ಬೆಳಕು ಕಡಿಮೆ.

ಸಮಿತಿಯವರ ನೀಲಿ ಕೆಟ್ಟದ್ದು ಇಲ್ಲಿಯೇ. ಸಯಾನ್ ಮೇಲೆ ಮೆಜೆಂಟಾ ಬಿದ್ದರೆ ಕೆಂಪೂ ಹಸಿರೂ ಹೋಗಿ ಶುದ್ಧ ನೀಲಿ ಉಳಿಯಬೇಕು. ಪುಸ್ತಕದ ಪ್ರಕಾರ ಹಾಗೆ. ಡಬ್ಬಿಯಲ್ಲಿರುವ ಶಾಯಿ ಅಷ್ಟು ಶುದ್ಧವಲ್ಲ. ಮೆಜೆಂಟಾ ತನಗೆ ಸೇರದ ನೀಲಿ ಬೆಳಕಿಗೂ ಬಾಯಿ ಹಾಕುತ್ತದೆ, ಸಯಾನ್ ಕೂಡ ಒಂದಿಷ್ಟು ಹಸಿರನ್ನು ನುಂಗುತ್ತದೆ. ಫಲವಾಗಿ ನೀಲಿ ಕಪ್ಪಾಗಿ, ನೇರಳೆಗೆ ತಿರುಗುತ್ತದೆ. ಅದಕ್ಕೇ ಅನುಭವಿ ಡಿಸೈನರುಗಳು ನೀಲಿ ಮಾಡುವಾಗ ಮೆಜೆಂಟಾವನ್ನು ಸಯಾನಿಗಿಂತ ಕನಿಷ್ಠ 30 ಶೇಕಡಾ ಕೆಳಗೆ ಇಡುತ್ತಾರೆ. ಮಳೆಗಾಲದ ಗದ್ದೆಯ ಎಳೆಹಸಿರಿಗೂ ಪರದೆಯಲ್ಲಿ ಮಿನುಗುವ ಕಿತ್ತಳೆಗೂ ಇದೇ ಗತಿ. ಅವು ನಾಲ್ಕು ಶಾಯಿಗಳ ಎಟುಕಿನ ಆಚೆಗಿವೆ. ಕಂಪ್ಯೂಟರ್ ಅವನ್ನು ಎಟುಕಿನೊಳಗಿನ ಹತ್ತಿರದ ಬಣ್ಣಕ್ಕೆ ಎಳೆದು ತರುತ್ತದೆ, ನಾವು ಅದನ್ನು ಮಂಕು ಎನ್ನುತ್ತೇವೆ.

ಹಂಚಿನ ಕೆಂಪು ಮಾತ್ರ ಹಾಗಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರಿನ ಗುರುತೇ ಆಗಿಹೋದ ಆ ಸುಟ್ಟ ಮಣ್ಣಿನ ಬಣ್ಣ ಮೆಜೆಂಟಾ, ಹಳದಿ, ಚೂರು ಕಪ್ಪಿನಲ್ಲಿ ಸಲೀಸಾಗಿ ಬರುತ್ತದೆ. ಮಂಗಳೂರಿನ ಪ್ರೆಸ್ಸುಗಳಿಗೆ ಊರೇ ಒಂದು ಅನುಕೂಲ ಮಾಡಿಕೊಟ್ಟಿದೆ ಎಂದು ನನಗೆ ಅನಿಸಿತು.

ಕಪ್ಪಿನ ವಿಷಯ ಇನ್ನೂ ಸೂಕ್ಷ್ಮ. ಬರೇ ಕಪ್ಪು ಶಾಯಿ ಹೊಡೆದ ದೊಡ್ಡ ಜಾಗ ಬೂದಿಯಂತೆ ಕಾಣುತ್ತದೆ, ಆದ್ದರಿಂದ ಅಡಿಯಲ್ಲಿ ಸಯಾನ್ ಕೊಡುತ್ತಾರೆ. ಹಾಗೆಂದು ನಾಲ್ಕನ್ನೂ ನೂರು ನೂರು ತುಂಬಿದರೆ ಶಾಯಿ ಒಣಗದೆ ಮುಂದಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಆರ್ಟ್ ಪೇಪರಿಗೆ ಒಟ್ಟು 300 ಶೇಕಡಾ ಆಸುಪಾಸು, ಶಾಯಿ ಹೀರುವ ನ್ಯೂಸ್‌ಪ್ರಿಂಟಿಗೆ 240ರ ಆಸುಪಾಸು ಎಂಬ ಮಿತಿ ಇರುವುದು ಅದಕ್ಕೆ. ನ್ಯೂಸ್‌ಪ್ರಿಂಟಿನಲ್ಲಿ ಚುಕ್ಕಿ ಹೀರಿಕೊಂಡು ಹಿಗ್ಗುವುದೂ ಹೆಚ್ಚು. ಒಂದೇ ಫೋಟೋ ಕರೆಯೋಲೆಯಲ್ಲಿ ಬೆಳಗಿ, ಪತ್ರಿಕೆಯ ಜಾಹೀರಾತಿನಲ್ಲಿ ಕಪ್ಪಿಡುವುದಕ್ಕೆ ಇದು ಕಾರಣ.

ಇಷ್ಟರ ಮೇಲೆ ಕರಾವಳಿಯ ಮಳೆ. ಕಾಗದ ಗಾಳಿಯ ತೇವ ಕುಡಿಯುತ್ತದೆ, ಕುಡಿದರೆ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ. ಕೂದಲೆಳೆಯಷ್ಟು ಹಿಗ್ಗಿದರೂ ಸಾಕು, ಒಂದರ ಮೇಲೊಂದು ಬಣ್ಣ ಕೂರುವ ಹೊಂದಿಕೆ, ಅಂದರೆ ರಿಜಿಸ್ಟರ್, ತಪ್ಪಿ ಅಕ್ಷರದ ಪಕ್ಕ ಮೆಜೆಂಟಾ ಅಂಚು ಇಣುಕುತ್ತದೆ. “ರೀಮಿನ ಹೊದಿಕೆ ಬಿಚ್ಚುವುದೇ ಮೆಷಿನ್ ಸ್ಟಾರ್ಟ್ ಮಾಡುವಾಗ” ಎಂದರು ಮೆಷಿನ್‌ಮ್ಯಾನ್. ಒಳಗೆ ಎಸಿ ಓಡುತ್ತಿದ್ದದ್ದು ಜನರಿಗಿಂತ ಹೆಚ್ಚಾಗಿ ಕಾಗದಕ್ಕೆ. ಹಸಿ ಹಾಳೆಯ ಹೊಳಪನ್ನು ನಂಬಬೇಡಿ, ಒಣಗಿದ ಮೇಲೆ ಬಣ್ಣ ಒಂದು ಮಟ್ಟ ಇಳಿಯುತ್ತದೆ ಎಂದೂ ಎಚ್ಚರಿಸಿದರು. ಯಂತ್ರದ ಸದ್ದಿನ ನಡುವೆ ಸಣ್ಣ ವ್ಯತ್ಯಾಸಕ್ಕೆ ಶಾಯಿಯ ಕೀಲಿ ತಿರುಗಿಸುವ ಆ ಕಣ್ಣಿಗೆ ಎಷ್ಟು ಗೌರವ ಕೊಟ್ಟರೂ ಕಡಿಮೆ.

ಹೊಸ ಪ್ರೂಫ್ ಬರಲು ಹೊತ್ತಿತ್ತು. ಪಕ್ಕದ ಬೀದಿಯ ಫ್ಲೆಕ್ಸ್ ಅಂಗಡಿಗೆ ಹೋದೆ. ಹಿಂದಿನಿಂದ ಟ್ಯೂಬ್ ಉರಿಯುವ ಬೋರ್ಡೊಂದು ಅಲ್ಲಿ ಸಿದ್ಧವಾಗಿತ್ತು, ಅದರ ಬಣ್ಣ ಮೊಬೈಲಿಗೆ ಸಾಕಷ್ಟು ಹತ್ತಿರ. ಬೆಳಕು ಹಿಂದಿನಿಂದ ತೂರಿ ಬರುವುದರಿಂದ ಅದು ಅರ್ಧ ಪರದೆಯೇ ಸರಿ.

ಅಲ್ಲಿಂದ ಬಾವುಟಗುಡ್ಡೆ ಏರಿ ಸಂತ ಅಲೋಶಿಯಸ್ ಚಾಪೆಲ್ಲಿನ ಒಳಗೆ ನಿಂತೆ. ಇಟಲಿಯಿಂದ ಬಂದ ಜೆಸ್ವಿಟ್ ಅಂತೋನಿಯೊ ಮೊಸ್ಕೆನಿ 1899ರಿಂದ ಮುಂದಿನ ಎರಡು ವರ್ಷಗಳಲ್ಲಿ ಗೋಡೆ, ಮಾಡು, ಕಮಾನುಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಜಾಗ. ಹಸಿ ಗಾರೆಯ ಮೇಲಿನ ಭಿತ್ತಿಚಿತ್ರಗಳೂ ಇವೆ, ಕ್ಯಾನ್ವಾಸಿನ ತೈಲಚಿತ್ರಗಳೂ ಇವೆ. ಮಳೆಯ ಮಬ್ಬಿನಲ್ಲಿ ಅವುಗಳ ಬಣ್ಣ ತಗ್ಗಿ ನಿಂತಿತ್ತು, ಮೋಡ ಸರಿದಾಗ ಒಂದಿಷ್ಟು ಮೇಲೆದ್ದಿತು. ಗೋಡೆಯ ಬಣ್ಣವೂ ಕಾಗದದ ಹಾಗೆ ಹೊರಗಿನ ಬೆಳಕನ್ನು ನಂಬಿ ಬದುಕುವಂಥದ್ದು. ಪರದೆಯ ಮೇಲೆ ಈ ಚಿತ್ರಗಳು ಮೊಸ್ಕೆನಿ ಎಂದೂ ಬಳಿಯದ ಹೊಳಪಿನಲ್ಲಿ ಉರಿಯುತ್ತವೆ. ಒಳ್ಳೆಯ ಕಾಗದದಲ್ಲಿ ಜಾಗ್ರತೆಯಿಂದ ಅಚ್ಚಾದ ಪ್ರತಿಯೇ ಆ ಗೋಡೆಗೆ ಹೆಚ್ಚು ನಿಷ್ಠ ಎಂಬುದು ನನ್ನ ಅಭಿಪ್ರಾಯ. ಮುದ್ರಣ ಎಂದರೆ ಪರದೆಯ ಬಡ ನಕಲು ಎಂದು ನಾವು ಮಾತಾಡುವುದು ತಪ್ಪು. ಪರದೆಯ ಹೊಳಪನ್ನು ಅಳತೆಗೋಲು ಮಾಡಿಕೊಂಡದ್ದೇ ತೊಂದರೆಯ ಮೂಲ.

ಸಂಜೆ ಪ್ರೆಸ್ಸಿಗೆ ಮರಳಿದಾಗ ಸಮಿತಿಯವರ ಎದುರು ಮೂರು ಪ್ರೂಫ್ ಇದ್ದವು, ಮೂರೂ ಕರೆಯೋಲೆಗೆ ಬಳಸುವ ಅದೇ ಕಾಗದದಲ್ಲಿ. ಮಾಲೀಕರು ಅವನ್ನು ಟ್ಯೂಬ್‌ಲೈಟಿನಡಿ ನೋಡಲು ಬಿಡದೆ ಬಾಗಿಲ ಬಳಿಯ ಹಗಲ ಬೆಳಕಿಗೆ ತಂದರು. ದೊಡ್ಡ ಮುದ್ರಣಾಲಯಗಳಲ್ಲಿ ಇದಕ್ಕೆಂದೇ 5000 ಕೆಲ್ವಿನ್ ಬೆಳಕಿನ ಗೂಡು ಇರುತ್ತದೆ. ಸಾಮಾನ್ಯ ಕಂಪ್ಯೂಟರ್ ಪರದೆಯ ಬಿಳಿ 6500ರ ಅಂದಾಜಿನದು, ಇನ್ನೂ ನೀಲಿ ಛಾಯೆಯದು. ಹಿರಿಯರು ಎರಡನೆಯ ಹಾಳೆ ಆರಿಸಿದರು. ಮೆಜೆಂಟಾ ಇಳಿಸಿದ ನೀಲಿ, ಅಂಚಿಗೆ ಹಂಚಿನ ಕೆಂಪು.

“ಇದರಲ್ಲಿ ಒಂದು ಸೈನ್ ಹಾಕಿ ಅಣ್ಣ, ತಾರೀಕೂ ಬರೆಯಿರಿ.”

ಸಹಿ ಬಿದ್ದ ಹಾಳೆಯನ್ನು ಮೆಷಿನ್‌ಮ್ಯಾನ್ ಯಂತ್ರದ ಪಕ್ಕದ ಮೇಜಿಗೆ ಕ್ಲಿಪ್ಪು ಹಾಕಿ ನಿಲ್ಲಿಸಿದರು. ನಾಳೆ ಓಡುವ ಪ್ರತಿ ಹಾಳೆಯ ಹೋಲಿಕೆ ಅದರ ಜೊತೆಗೆ, ಯಾರ ಮೊಬೈಲಿನ ಜೊತೆಗೂ ಅಲ್ಲ.